ಸೊಟ್ಟ ತೋಟಾದ ಸಾಕ್ಷ್ಯ

ಹೋದ ತಿಂಗಳ ಸಂಚಿಕೆಯು ಅಚ್ಚಿಗೆ ಹೋದ ಮಾರನೆಯ ದಿನ ನಮ್ಮ ಹಳೆಯ ಚಂದಾದಾರರೊಬ್ಬರು ವಿರಾಜಪೇಟೆಯ ಕಡೆಯಿಂದ ಬಂದು ನಮ್ಮ ಕಚೇರಿಯ ಮೆಟ್ಟಿಲೇರಿದರು. ಕುಶಲಪ್ರಶ್ನೆಗಳು ಮುಗಿದ ಮೇಲೆ ಅವರು ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿ, ಜೇಬಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಮೇಜಿನ ಮೇಲೆ ಬಿಚ್ಚಿದರು. ಅದರಲ್ಲಿ ನಾಲ್ಕು ಖಾಲಿ ತೋಟಾಗಳಿದ್ದುವು. ಹನ್ನೆರಡು ಬೋರಿನ ಜೋಡುನಳಿಗೆಯ ಕೋವಿಯಿಂದ ಹಾರಿಸಿ ಮುಗಿದಂಥವು. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯವು ಕೊಡಗಿನಲ್ಲಿ ನಡೆಯುವುದನ್ನು ನಮ್ಮ ಓದುಗರು ಬಲ್ಲರು. ಆ ಪಂದ್ಯದಲ್ಲಿ ಅವರ ಮೊಮ್ಮಗನು ಮನೆಯ ಹಳೆಯ ಕೋವಿಯನ್ನು ಹಿಡಿದು ಹಾರಿಸಿದ ತೋಟಾಗಳಿವು.

ನಾಲ್ಕರಲ್ಲಿ ಎರಡು ನೋಡುವುದಕ್ಕೆ ನೆಟ್ಟಗಿದ್ದುವು. ಉಳಿದೆರಡರ ಹಿತ್ತಾಳೆಯ ತಳವು ಒಂದು ಮಗ್ಗುಲಿಗೆ ಉಬ್ಬಿ, ಬಾತುಕೊಂಡ ಹೆಬ್ಬೆರಳಿನಂತೆ ಕಾಣುತ್ತಿತ್ತು. ಅವುಗಳ ನಡುವಣ ಕೇಪು ತನ್ನ ಕುಳಿಯಲ್ಲಿ ಮಟ್ಟವಾಗಿ ಕೂಡದೆ ಕೂದಲೆಳೆಯಷ್ಟು ಹೊರಕ್ಕೆ ಬಂದಿತ್ತು. "ತೋಟಾ ಕೆಟ್ಟದ್ದೆಂದು ತಮ್ಮ ಹೇಳುತ್ತಾನೆ. ಕೋವಿ ಕೆಟ್ಟಿತೆಂದು ಮೊಮ್ಮಗ ಹೇಳುತ್ತಾನೆ. ಆ ಕೋವಿ ನಮ್ಮ ತಂದೆಯವರದು. ಸಂಪಾದಕರೇ, ತಾವು ನಾಲ್ಕು ಕಡೆ ಓದಿದವರು, ದೋಷ ಯಾವುದರಲ್ಲಿದೆ?" ಎಂದು ಅವರು ಕೇಳಿದರು.

ನಾವು ಕೋವಿಯ ಪಂಡಿತರಲ್ಲ. ಆದರೂ ಪ್ರಶ್ನೆಯು ನಮ್ಮನ್ನು ಹಿಡಿದುಕೊಂಡಿತು. ಆ ದಿನದಿಂದೀಚೆಗೆ ಓದಿಯೂ ಬಲ್ಲವರನ್ನು ಕೇಳಿಯೂ ತಿಳಿದುದನ್ನು ಈ ತಿಂಗಳ ಪುಟಗಳಲ್ಲಿ ನಿವೇದಿಸುತ್ತೇವೆ. ಕೋವಿಯಿಲ್ಲದ ಮನೆಯವರೂ ಇದನ್ನು ಓದಬಹುದು. ಏಕೆಂದರೆ ಈ ಬರಿದಾದ ಚಿಪ್ಪುಗಳ ಮಾತಿನ ಮೇಲೆ ಮನುಷ್ಯರನ್ನು ಗಲ್ಲಿಗೇರಿಸಿದ್ದುಂಟು.

ತೋಟಾ ಎಂಬುದು ಮೂರು ವಸ್ತುಗಳನ್ನು ಒಳಗಿಟ್ಟುಕೊಂಡ ಒಂದು ಕರಂಡಕ. ಮುಂದೆ ಗುಂಡು ಅಥವಾ ಚರೆ, ನಡುವೆ ಮದ್ದು, ಹಿಂದೆ ತಳದಲ್ಲಿ ಕೇಪು. ಅದು ಕೋವಿಯೊಳಗೆ ಕುಳಿತುಕೊಳ್ಳುವ ಗೂಡೊಂದುಂಟು. ಅದರ ಬೆನ್ನಿಗೆ ಆತುಕೊಳ್ಳುವ ಉಕ್ಕಿನ ಗೋಡೆಯೊಂದುಂಟು. ಆ ಗೋಡೆಯ ರಂಧ್ರದಿಂದ ಹೊರಬಂದು ಕೇಪನ್ನು ಬಡಿಯುವ ಮೊಳೆಯೊಂದುಂಟು. ಮೊಳೆ ಬಡಿಯಿತೆಂದರೆ ಕೇಪು ಸಿಡಿದು ಮದ್ದು ಹೊತ್ತಿ, ಕಣ್ಣೆವೆಯಿಕ್ಕುವುದರೊಳಗೆ ಬಿಸಿಯಾದ ಅನಿಲವಾಗುತ್ತದೆ. ಚರೆಯ ಕೋವಿಯಲ್ಲಿ ಅದರ ಒತ್ತಡ ಚದರ ಅಂಗುಲಕ್ಕೆ ಸುಮಾರು 10,000 ಪೌಂಡು. ಈಗಿನ ರೈಫಲುಗಳಲ್ಲಿ 50,000 ಪೌಂಡು ಮತ್ತು ಅದಕ್ಕೂ ಹೆಚ್ಚು. ಈ ಒತ್ತಡಕ್ಕೆ ಹಿತ್ತಾಳೆಯು ಮೇಣದಂತೆ ಮಣಿಯುತ್ತದೆ. ಅದು ಹಿಗ್ಗಿ ಗೂಡಿನ ಗೋಡೆಗೆ ಒತ್ತಿಕೊಂಡು, ಅನಿಲವು ಹಿಂದಕ್ಕೆ ನುಗ್ಗಿ ಹಾರಿಸುವವನ ಮುಖಕ್ಕೆ ಬಡಿಯದಂತೆ ಬಾಗಿಲು ಹಾಕುತ್ತದೆ. ಗುಂಡು ನಳಿಗೆಯನ್ನು ದಾಟಿದ ಮೇಲೆ ಒತ್ತಡವಿಳಿದು ಹಿತ್ತಾಳೆಯು ತುಸು ಕುಗ್ಗುತ್ತದೆ. ಅದರಿಂದಲೇ ಅದನ್ನು ಹೊರಕ್ಕೆ ಎಳೆಯಲು ಸಾಧ್ಯ. ಆದರೆ ಪೂರ್ತಿಯಾಗಿ ಮೊದಲಿನ ಆಕಾರಕ್ಕೆ ಅದು ಮರಳುವುದಿಲ್ಲ.

ನಮ್ಮ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾದ ಶ್ರಮವೇ ಇಲ್ಲ. ಹಲಸಿನೆಲೆಯ ಕೊಟ್ಟೆಯಲ್ಲಿ ಬೆಂದ ಕಡುಬನ್ನು ಬಿಡಿಸಿದಾಗ ಕೊಟ್ಟೆಯ ಆಕಾರವೂ ಎಲೆಯ ಒಂದೊಂದು ನರವೂ ಕಡುಬಿನ ಮೈಮೇಲೆ ಮೂಡಿರುವುದಿಲ್ಲವೆ? ಎಲೆ ಹರಿದಿದ್ದರೆ ಆ ಹರುಕೂ ಮೂಡಿರುತ್ತದೆ. ತೋಟಾದ ಸಂಗತಿಯೂ ಅಷ್ಟೆ. ಗೂಡು ಸಡಿಲವಾಗಿದ್ದರೆ ತೋಟಾ ಉಬ್ಬುತ್ತದೆ. ಗೂಡಿನಲ್ಲಿ ತುಕ್ಕಿನ ಕುಳಿಗಳಿದ್ದರೆ ಹಿತ್ತಾಳೆಯ ಮೇಲೆ ಸಣ್ಣ ಗುಳ್ಳೆಗಳೇಳುತ್ತವೆ. ಬೆನ್ನಿನ ಗೋಡೆಯು ಹಿಂದಕ್ಕೆ ಸರಿದು ಸಂದುಬಿಟ್ಟಿದ್ದರೆ ಕೇಪು ಹೊರಕ್ಕೆ ಬರುತ್ತದೆ. ಒತ್ತಡವು ಮಿತಿಮೀರಿದ್ದರೆ ಅದೇ ಕೇಪು ಚಪ್ಪಟೆಯಾಗಿ ಗೋಡೆಗೆ ಅಂಟಿದಂತಿರುತ್ತದೆ. ಒತ್ತಡವು ಸಾಲದೆ ಹೋಗಿದ್ದರೆ ಚಿಪ್ಪು ಹಿಗ್ಗದೆ, ಮಗ್ಗುಲಿನಲ್ಲಿ ನುಸುಳಿದ ಹೊಗೆಯ ಮಸಿಯನ್ನು ಮೈಗೆ ಮೆತ್ತಿಕೊಂಡು ಬರುತ್ತದೆ.

ಕೆಲವು ಕೋವಿಗಳು ಯಾವ ದೋಷವೂ ಇಲ್ಲದೆಯೇ ತೋಟಾಗಳಿಗೆ ವಿಲಕ್ಷಣವಾದ ರೂಪವನ್ನು ಕೊಡುತ್ತವೆ. ರಷ್ಯಾದವರು 1895ರಲ್ಲಿ ಸ್ವೀಕರಿಸಿದ ನಗಾಂ ರಿವಾಲ್ವರಿನಲ್ಲಿ ಗುಂಡು ತೋಟಾದ ಬಾಯಿಯೊಳಗೇ ಅಡಗಿರುತ್ತದೆ. ಕುದುರೆಯನ್ನೆಳೆದಾಗ ತೋಟಾದ ಉರುಳೆಯು ಮುಂದಕ್ಕೆ ಸರಿದು, ಚಿಪ್ಪಿನ ಬಾಯಿ ನಳಿಗೆಯೊಳಕ್ಕೆ ಹೊಕ್ಕು, ಅನಿಲವು ಸೋರದಂತೆ ಬಿರಡೆಯಾಗುತ್ತದೆ. ನೀಳವಾದ ಆ ಚಿಪ್ಪನ್ನು ಕಂಡವರು ಬೇರೆ ಕೋವಿಯದೆಂದು ಮೋಸಹೋಗಲಾರರು. ಜರ್ಮನಿಯ ಜಿ 3 ರೈಫಲಿನ ಗೂಡಿನಲ್ಲಿ ಉದ್ದುದ್ದನೆಯ ಸಣ್ಣ ಕಾಲುವೆಗಳನ್ನು ಕೊರೆದಿರುವುದರಿಂದ ಅದರ ಖಾಲಿ ತೋಟಾದ ಮೈಮೇಲೆ ಸೌತೆಕಾಯಿಯ ಪಟ್ಟೆಗಳಂತೆ ಗೆರೆಗಳು ಬಿದ್ದಿರುತ್ತವೆ. ಇವೆಲ್ಲ ಜಾತಿಯ ಗುರುತುಗಳು, ವ್ಯಕ್ತಿಯ ಗುರುತುಗಳಲ್ಲ. ಇಂಥ ತೋಟಾವನ್ನು ಕಂಡರೆ ಯಾವ ಮಾದರಿಯ ಕೋವಿಯೆಂದು ಹೇಳಬಹುದಲ್ಲದೆ ಯಾರ ಮನೆಯ ಕೋವಿಯೆಂದು ಹೇಳಲಾಗದು.

ತೋಟಾದ ಆಕಾರದಿಂದ ಇತಿಹಾಸದ ಪುಟವೊಂದನ್ನು ತಿದ್ದಿದ ಪ್ರಸಂಗವನ್ನು ಇಲ್ಲಿ ಹೇಳಬೇಕು. 1876ನೆಯ ಇಸವಿಯ ಜೂನ್ 25ರಂದು ಅಮೆರಿಕದ ಮೊಂಟಾನಾ ಪ್ರದೇಶದ ಲಿಟ್ಲ್ ಬಿಗ್‌ಹಾರ್ನ್ ನದಿಯ ದಂಡೆಯಲ್ಲಿ ಲಕೋಟಾ, ಷಯೆನ್ ಮತ್ತು ಅರಪಾಹೊ ಜನಾಂಗಗಳ ಯೋಧರು ಕಸ್ಟರನೆಂಬ ಸೇನಾನಿಯನ್ನೂ ಅವನೊಡನೆ ಇದ್ದ ಸುಮಾರು 210 ಮಂದಿಯನ್ನೂ ಒಬ್ಬರುಳಿಯದಂತೆ ಸೋಲಿಸಿ ಕೊಂದರು. ಸೈನಿಕರ ಕೋವಿಗಳಲ್ಲಿ ತಾಮ್ರದ ತೋಟಾಗಳು ಸಿಕ್ಕಿಕೊಂಡು ಹೊರಬರದೆ ಹೋದುದೇ ಆ ಸೋಲಿಗೆ ಕಾರಣವೆಂದು ಬಹುಕಾಲ ಹೇಳುತ್ತಿದ್ದರು. ಸೋತವರಿಗೆ ಇಂಥ ಕಾರಣಗಳು ಪ್ರಿಯವೆಂದು ಬೇರೆ ಹೇಳಬೇಕೆ? 1983ರಲ್ಲಿ ಬೆಂಕಿ ಬಿದ್ದು ಆ ಮೈದಾನದ ಹುಲ್ಲೆಲ್ಲ ಸುಟ್ಟು ನೆಲವು ಬರಿದಾಯಿತು. 1984 ಮತ್ತು 1985ರಲ್ಲಿ ಪುರಾತತ್ತ್ವಜ್ಞರು ಲೋಹಶೋಧಕ ಯಂತ್ರಗಳನ್ನು ಹಿಡಿದು ಅಂಗುಲಂಗುಲವಾಗಿ ಹುಡುಕಿದರು. ದೊರೆತ ಪ್ರತಿಯೊಂದು ಚಿಪ್ಪಿನ ಸ್ಥಾನವನ್ನೂ ನಕ್ಷೆಯಲ್ಲಿ ಗುರುತಿಸಿ, ಮೊಳೆಯ ಗುರುತುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಹೋಲಿಸಿದರು. ಸಿಕ್ಕಿಕೊಂಡ ತೋಟಾವನ್ನು ಚಾಕುವಿನಿಂದ ಮೀಟಿ ತೆಗೆದಿದ್ದರೆ ಅದರ ಅಂಚಿನಲ್ಲಿ ಗೀರುಗಳಿರಲೇಬೇಕು. ಸೈನಿಕರ ಚಿಪ್ಪುಗಳಲ್ಲಿ ಅಂಥ ಗೀರುಳ್ಳವು ನೂರಕ್ಕೆ ನಾಲ್ಕನ್ನೂ ಮುಟ್ಟಲಿಲ್ಲ.

ಅಲ್ಲಿಯೇ ಸೊಟ್ಟ ತೋಟಾಗಳೂ ದೊರೆತುವು. ಸೈನ್ಯದ 0.45 ಅಂಗುಲದ ತೋಟಾವನ್ನು 0.50 ಅಂಗುಲದ ಕೋವಿಯಲ್ಲಿಟ್ಟು ಹಾರಿಸಿದ್ದರಿಂದ ಚಿಪ್ಪು ಹಿಗ್ಗಿ ಸೀಳಿಹೋಗಿತ್ತು. ತನ್ನ ಕೋವಿಗೆ ಹೊಂದದ ತೋಟಾವನ್ನು ಯಾವನೋ ಯೋಧನು ಸಿಕ್ಕಿದಲ್ಲಿಂದ ತೆಗೆದುಕೊಂಡು, ಇದ್ದುದರಲ್ಲೇ ಕೆಲಸ ಸಾಗಿಸಿದನೆಂಬುದನ್ನು ಆ ಸೀಳು ನೂರು ವರ್ಷಗಳ ಮೇಲೆ ಸಾರಿತು. ಇಷ್ಟೇ ಅಲ್ಲ; ಒಂದೇ ಮೊಳೆಯ ಗುರುತುಳ್ಳ ಚಿಪ್ಪುಗಳು ಇಲ್ಲೊಂದು ಅಲ್ಲೊಂದು ದೊರೆತಾಗ, ಆ ಕೋವಿಯು ರಣರಂಗದಲ್ಲಿ ಎಲ್ಲಿಂದೆಲ್ಲಿಗೆ ಸಾಗಿತೆಂಬ ಜಾಡೂ ಸಿಕ್ಕಿತು. ಹಿಡಿದಿದ್ದವರ ಹೆಸರುಗಳು ಮಾತ್ರ ಸಿಗಲಿಲ್ಲ.

ಜಾತಿಯ ಗುರುತಿನಿಂದ ವ್ಯಕ್ತಿಯ ಗುರುತಿಗೆ ದಾಟಿದ ಪ್ರಸಿದ್ಧ ಮೊಕದ್ದಮೆಯು ಇಂಗ್ಲೆಂಡಿನದು. 1927ನೆಯ ಇಸವಿ ಸೆಪ್ಟೆಂಬರ್ 27ರ ಬೆಳಗಿನ ಜಾವ ಎಸೆಕ್ಸ್ ಪ್ರಾಂತದ ಹಳ್ಳಿಯ ರಸ್ತೆಯೊಂದರ ಪಕ್ಕದಲ್ಲಿ ಗಟರಿಜ್ ಎಂಬ ಪೊಲೀಸ್ ಪೇದೆಯ ಹೆಣವು ಬಿದ್ದಿತ್ತು. ಕೈಯಲ್ಲಿ ಪೆನ್ಸಿಲು ಹಾಗೆಯೇ ಇತ್ತು. ಯಾರನ್ನೋ ತಡೆದು ಪುಸ್ತಕದಲ್ಲಿ ಬರೆದುಕೊಳ್ಳಹೊರಟಾಗಲೇ ಗುಂಡು ತಗುಲಿತ್ತು. ನಾಲ್ಕು ಗುಂಡುಗಳು, ಅವುಗಳಲ್ಲಿ ಎರಡು ಕಣ್ಣುಗಳಿಗೆ. ಸತ್ತವನ ಕಣ್ಣಿನಲ್ಲಿ ಕೊಂದವನ ಪಡಿನೆಳಲು ನಿಲ್ಲುವುದೆಂಬ ಮೂಢನಂಬಿಕೆಯಿಂದ ಹಾಗೆ ಮಾಡಿದರೆಂದು ಆಗ ಜನರು ಆಡಿಕೊಂಡರು. ಅದೇ ರಾತ್ರಿ ಬಿಲೆರಿಕೆ ಎಂಬ ಊರಿನ ವೈದ್ಯರೊಬ್ಬರ ಮೋಟಾರು ಕಳುವಾಗಿದ್ದು, ಅದು ಲಂಡನ್ನಿನ ಬ್ರಿಕ್ಸ್‌ಟನ್ನಿನಲ್ಲಿ ಸಿಕ್ಕಿತು. ಹತ್ತುವ ಮೆಟ್ಟಿಲಿನಲ್ಲಿ ರಕ್ತದ ಕಲೆ. ಒಳಗಡೆ ಒಂದು ಖಾಲಿ ತೋಟಾ.

ನಾಲ್ಕು ಗುಂಡು ಹಾರಿಸಿದವರು ಒಂದೇ ತೋಟಾವನ್ನೇಕೆ ಬಿಟ್ಟರೆಂದು ಓದುಗರು ಕೇಳಬಹುದು. ಪಿಸ್ತೂಲು ಪ್ರತಿ ಗುಂಡಿಗೂ ತನ್ನ ಚಿಪ್ಪನ್ನು ತಾನೇ ಹೊರಕ್ಕೆಸೆಯುತ್ತದೆ. ರಿವಾಲ್ವರಾದರೋ ಅವುಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು, ಹೊಸ ತೋಟಾಗಳನ್ನು ತುಂಬುವಾಗ ಮಾತ್ರ ಬಿಟ್ಟುಕೊಡುತ್ತದೆ. ಓಡುವ ಮೋಟಾರಿನಲ್ಲಿ ತೋಟಾಗಳನ್ನು ಬದಲಾಯಿಸುವಾಗ ಗಾಬರಿಯಲ್ಲಿ ಒಂದು ಕೈತಪ್ಪಿ ಬಿದ್ದಿತ್ತು. ಅದರ ತಳದಲ್ಲಿ ಊಲಿಚ್ ಸರ್ಕಾರಿ ಕಾರ್ಖಾನೆಯ ಹಳೆಯ ನಾಲ್ಕನೆಯ ಮಾದರಿಯೆಂಬ ಅಕ್ಷರಗಳಿದ್ದುವು. ಅದಕ್ಕಿಂತ ಮುಖ್ಯವಾದುದೆಂದರೆ, ತಳದ ಮೇಲೆ ಸಣ್ಣ ಬೊಕ್ಕೆಯಂಥ ಒಂದು ಉಬ್ಬು.

ಉಬ್ಬು ತೋಟಾದ ದೋಷವೋ ಕೋವಿಯ ದೋಷವೋ? ನಮ್ಮ ವಿರಾಜಪೇಟೆಯ ಮಿತ್ರರ ಪ್ರಶ್ನೆಯೇ ಲಂಡನ್ನಿನಲ್ಲಿಯೂ ಎದ್ದಿತು. ಬೆನ್ನಿನ ಗೋಡೆಯಲ್ಲಿ ಒಂದು ಸಣ್ಣ ಕುಳಿಯಿದ್ದರೆ, ಒತ್ತಡಕ್ಕೆ ಸಿಕ್ಕ ಲೋಹವು ಆ ಕುಳಿಯೊಳಕ್ಕೆ ತುಂಬಿಕೊಂಡು ಉಬ್ಬಾಗಬೇಕು. 1928ನೆಯ ಇಸವಿಯ ಜನವರಿಯಲ್ಲಿ ಬ್ರೌನ್ ಎಂಬಾತನು ಬೇರೊಂದು ಮೋಟಾರಿನ ಕಳವಿನ ವಿಷಯದಲ್ಲಿ ಸಿಕ್ಕಿಬಿದ್ದಾಗ ಅವನ ಬಳಿ ತುಂಬಿದ ವೆಬ್ಲಿ ರಿವಾಲ್ವರು ದೊರೆಯಿತು. ಅದರ ಗೋಡೆಯಲ್ಲಿ ಕುಳಿಯಿತ್ತು. ಅದರಿಂದ ಪರೀಕ್ಷೆಗಾಗಿ ಹಾರಿಸಿದ ತೋಟಾಗಳ ತಳದಲ್ಲಿಯೂ ಅದೇ ಸ್ಥಾನದಲ್ಲಿ ಅದೇ ಆಕಾರದ ಉಬ್ಬು ಮೂಡಿತು. ಲಂಡನ್ನಿನ ಕೋವಿ ವ್ಯಾಪಾರಿ ರಾಬರ್ಟ್ ಚರ್ಚಿಲ್ ಎಂಬವರು ಎರಡನ್ನೂ ಸೂಕ್ಷ್ಮದರ್ಶಕದಲ್ಲಿ ಹೋಲಿಸಿ ಸಾಕ್ಷ್ಯ ನುಡಿದರು. ಬೇರೆ ವೆಬ್ಲಿಗಳೂ ಇಂಥ ಗುರುತನ್ನು ಮಾಡಲಾರವೇ ಎಂಬ ಸಂಶಯವನ್ನು ತೀರಿಸುವುದಕ್ಕಾಗಿ ಸೈನ್ಯದ ತಜ್ಞರು ಅದೇ ಮಾದರಿಯ ಸುಮಾರು 1300 ರಿವಾಲ್ವರುಗಳನ್ನು ಪರೀಕ್ಷಿಸಿದರು. ಒಂದರಲ್ಲಿಯೂ ಆ ಗುರುತು ಬರಲಿಲ್ಲ. ನಮಗೆ ಈ ಮೊಕದ್ದಮೆಯಲ್ಲಿ ಅತ್ಯಂತ ಗೌರವಾರ್ಹವಾಗಿ ಕಾಣುವುದು ಈ 1300ರ ಶ್ರಮವೇ. ಎರಡು ವಸ್ತುಗಳು ಒಂದೇ ಎಂದು ಹೇಳುವುದು ಸುಲಭ. ಉಳಿದುವು ಹಾಗಿಲ್ಲವೆಂದು ನೋಡಿಬರುವುದಕ್ಕೆ ತಾಳ್ಮೆ ಬೇಕು.

ಬ್ರೌನನಿಗೂ ಅವನ ಜೊತೆಗಾರನಾದ ಕೆನಡಿ ಎಂಬವನಿಗೂ 1928ನೆಯ ಇಸವಿಯ ಏಪ್ರಿಲಿನಲ್ಲಿ ಮರಣದಂಡನೆಯ ತೀರ್ಪಾಯಿತು. ಮೇ 31ರಂದು ಬೇರೆ ಬೇರೆ ಸೆರೆಮನೆಗಳಲ್ಲಿ ಇಬ್ಬರನ್ನೂ ಗಲ್ಲಿಗೇರಿಸಿದರು. ಆದರೆ ಇಲ್ಲಿಗೆ ನಿಲ್ಲಿಸಿದರೆ ಕಥೆಯು ಅರೆಯಾಗುತ್ತದೆ. ತೋಟಾ ಹೇಳಿದ್ದು ಇಷ್ಟು: ನಾನು ಈ ರಿವಾಲ್ವರಿನಲ್ಲಿದ್ದೆ. ಕುದುರೆಯನ್ನೆಳೆದವನು ಯಾರೆಂದು ಅದು ಹೇಳಲಿಲ್ಲ. ಹಾರಿಸಿದವನು ಬ್ರೌನನೆಂದು ಕೆನಡಿಯು ಹೇಳಿಕೆ ಕೊಟ್ಟನು. ತಾನು ಆ ಸ್ಥಳದಲ್ಲೇ ಇರಲಿಲ್ಲವೆಂದು ಬ್ರೌನನು ಕಡೆಯತನಕ ವಾದಿಸಿದನು. ಕೆನಡಿಯ ಬೆರಳು ಎಲ್ಲಿತ್ತೆಂಬುದಕ್ಕೆ ಕೆನಡಿಯ ಬಾಯಲ್ಲದೆ ಬೇರೆ ಸಾಕ್ಷ್ಯವಿರಲಿಲ್ಲ.

ನಮ್ಮ ನಾಡಿಗೆ ಬರೋಣ. ಕಳ್ಳತನದಿಂದ ತಯಾರಾಗುವ ನಾಡಪಿಸ್ತೂಲುಗಳಲ್ಲಿ ಗೂಡನ್ನು ಕೈಯಿಂದ ಕೊರೆದಿರುತ್ತಾರಾಗಿ ಅಳತೆ ನೆಟ್ಟಗಿರುವುದಿಲ್ಲ. ಅವುಗಳಿಂದ ಹೊರಬೀಳುವ ತೋಟಾಗಳು ಉಬ್ಬಿಯೋ ಸೀಳಿಯೋ, ಮೊಳೆಯ ಪೆಟ್ಟು ನಡುವಿನಿಂದ ಸರಿದೋ ಇರುವುದು ಸಾಮಾನ್ಯ. ಕೊಲೆಗಾರನು ಗುರುತು ಸಿಗಬಾರದೆಂದು ಪರವಾನಗಿಯಿಲ್ಲದ ಆಯುಧವನ್ನು ಹುಡುಕುತ್ತಾನೆ. ಒರಟಾಗಿ ಮಾಡಿದ ಆ ಆಯುಧವೇ ಅಚ್ಚುಕಟ್ಟಾದ ಕಾರ್ಖಾನೆಯ ಆಯುಧಕ್ಕಿಂತ ಗಾಢವಾದ ಗುರುತನ್ನು ಬಿಡಬಲ್ಲದು. 2015ನೆಯ ಇಸವಿಯ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ವಿದ್ವಾಂಸರಾದ ಡಾ. ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಕೊಂದರು. 2017ನೆಯ ಇಸವಿಯ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನು ಅವರ ಮನೆಯ ಮುಂದೆಯೇ ಕೊಂದರು. ಎರಡು ಊರು, ಎರಡು ವರ್ಷಗಳ ಅಂತರ. ಎರಡೂ ಕಡೆ ದೊರೆತ ಗುಂಡುಗಳನ್ನೂ ಖಾಲಿ ತೋಟಾಗಳನ್ನೂ ನ್ಯಾಯವೈಜ್ಞಾನಿಕ ಪ್ರಯೋಗಾಲಯದಲ್ಲಿ ಜೊತೆಗಿಟ್ಟು ನೋಡಿ, ಒಂದೇ 7.65 ಮಿಲಿಮೀಟರಿನ ನಾಡಪಿಸ್ತೂಲಿನಿಂದ ಹಾರಿದವೆಂಬ ಅಭಿಪ್ರಾಯವನ್ನು ಕೊಟ್ಟರು. ಕೋವಿಯು ಕೈಗೆ ಸಿಗದಿದ್ದರೂ ಎರಡು ತೋಟಾಗಳನ್ನು ಪರಸ್ಪರ ಹೋಲಿಸಬಹುದೆಂಬುದನ್ನು ಓದುಗರು ಗಮನಿಸಬೇಕು. ಹೀಗೆ ಜೊತೆಗಿಟ್ಟು ಒಂದೇ ಕಣ್ಣೋಟದಲ್ಲಿ ನೋಡುವ ಜೋಡಿ ಸೂಕ್ಷ್ಮದರ್ಶಕವು 1925ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಗ್ರೆವೆಲ್, ಗಾಡರ್ಡ್ ಮೊದಲಾದವರಿಂದ ಈ ಕೆಲಸಕ್ಕೆ ಬಳಕೆಗೆ ಬಂದುದು.

ಇಷ್ಟೆಲ್ಲ ಹೇಳಿ ತೋಟಾದ ಮಾತು ವೇದವಾಕ್ಯವೆಂದರೆ ನಾವು ಓದುಗರನ್ನು ದಾರಿತಪ್ಪಿಸಿದಂತಾದೀತು. ಗುರುತುಗಳು ತಾಳೆಯಾದುವೆಂದು ಹೇಳುವುದು ಯಂತ್ರವಲ್ಲ, ಮನುಷ್ಯನ ಕಣ್ಣು. ಎಷ್ಟು ಗೆರೆಗಳು ಹೊಂದಿದರೆ ಸಾಕೆಂಬುದಕ್ಕೆ ಸರ್ವಸಮ್ಮತವಾದ ಅಳತೆಯಿಲ್ಲ. 2009ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯೂ 2016ರಲ್ಲಿ ಅಲ್ಲಿನ ಅಧ್ಯಕ್ಷರ ವಿಜ್ಞಾನ ಸಲಹೆಗಾರರ ಸಭೆಯೂ ಈ ವಿದ್ಯೆಯನ್ನು ಪರೀಕ್ಷಿಸಿ, ತಪ್ಪಿನ ಪ್ರಮಾಣವೆಷ್ಟೆಂದು ತಿಳಿಯುವಂತೆ ಸರಿಯಾಗಿ ನಡೆಸಿದ ಪ್ರಯೋಗಗಳು ಸಾಲವೆಂದು ಬರೆದುವು. ಒಂದೇ ಹತ್ಯಾರಿನಿಂದ ಸಾಲಾಗಿ ಕೊರೆದ ಕೋವಿಗಳು ಅಣ್ಣತಮ್ಮಂದಿರಂತೆ ಹೋಲುವುದೂ ಉಂಟು. ಆದಕಾರಣ ನಮ್ಮ ಕಾನೂನಿನಲ್ಲಿಯೂ ಇಂಥದು ತಜ್ಞರ ಅಭಿಪ್ರಾಯವೆಂದೇ ಪರಿಗಣಿತವಾಗುತ್ತದೆ. ಅದನ್ನು ಒಪ್ಪುವ ಬಿಡುವ ಅಧಿಕಾರ ನ್ಯಾಯಾಧೀಶರದು. ಬೇರೆ ಸಾಕ್ಷ್ಯವೊಂದೂ ಇಲ್ಲದೆ ಬರಿಯ ತೋಟಾದ ಬಲದ ಮೇಲೆ ಒಬ್ಬನ ಪ್ರಾಣವನ್ನು ತೂಗುವುದನ್ನು ನಾವಂತೂ ಒಪ್ಪಲಾರೆವು.

ನಮ್ಮ ಮಿತ್ರರ ಪ್ರಶ್ನೆಗೆ ಉತ್ತರವು ಇದಕ್ಕಿಂತ ಸರಳವಾಗಿತ್ತು. ಉಬ್ಬಿದ ಎರಡು ತೋಟಾಗಳೂ ಯಾವ ನಳಿಗೆಯವೆಂದು ಕೇಳಿದೆವು. ಎರಡೂ ಬಲಗಡೆಯ ನಳಿಗೆಯವು. ಒಂದೇ ಪೆಟ್ಟಿಗೆಯಿಂದ ತೆಗೆದ ನಾಲ್ಕರಲ್ಲಿ ಎಡಗಡೆಯವು ನೆಟ್ಟಗಿದ್ದು ಬಲಗಡೆಯವು ಮಾತ್ರ, ಅದೂ ಒಂದೇ ಮಗ್ಗುಲಿಗೆ ಉಬ್ಬಿದ್ದರೆ ತೋಟಾವನ್ನು ದೂರುವುದಕ್ಕೆ ಎಡೆಯೆಲ್ಲಿದೆ? ಮರುವಾರ ಅವರು ಕೋವಿಯನ್ನು ಮೈಸೂರಿನ ನುರಿತ ಕೆಲಸಗಾರರೊಬ್ಬರಿಗೆ ತೋರಿಸಿ ನಮಗೆ ಕಾಗದ ಬರೆದರು. ಬಲಗಡೆಯ ಗೂಡು ತುಕ್ಕು ತಿಂದು ಸವೆದಿದೆ. ನಳಿಗೆಗಳನ್ನು ಬೆನ್ನಿನ ಗೋಡೆಗೆ ಬಿಗಿಯುವ ಕೀಲು ಸಡಿಲವಾಗಿದೆ. ಕೇಪು ಹೊರಕ್ಕೆ ಬಂದುದು ಆ ಸಂದಿನಿಂದಲೇ.

ಇದಲ್ಲದೆ ನಾವು ಯಾರೂ ನೋಡದಿದ್ದ ಇನ್ನೊಂದು ಸಂಗತಿಯನ್ನು ಆ ಕೆಲಸಗಾರರು ನಾಲ್ಕು ತೋಟಾಗಳ ಬಾಯಿಯಲ್ಲಿ ಕಂಡರು. ನಾವು ನೆಟ್ಟಗಿವೆಯೆಂದುಕೊಂಡಿದ್ದ ಎಡಗಡೆಯವುಗಳ ಅಂಚೂ ಇಲಿ ಕಡಿದಂತೆ ಹರಿದಿತ್ತು. ಆ ಹಳೆಯ ಕೋವಿಯ ಗೂಡು ಎರಡೂವರೆ ಅಂಗುಲದ್ದು. ಈಗ ಅಂಗಡಿಯಲ್ಲಿ ಕೊಂಡ ತೋಟಾಗಳು ಎರಡೂ ಮುಕ್ಕಾಲು ಅಂಗುಲದವು. ಮಡಿಸಿದ ಬಾಯಿಯಿಂದಾಗಿ ತುಂಬುವಾಗ ಅವು ಸಲೀಸಾಗಿ ಒಳಹೋಗುತ್ತವೆ. ಹಾರಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ನಳಿಗೆಯ ಕೊರಳನ್ನು ಇರುಕಿಸಿ ಒತ್ತಡವನ್ನು ಏರಿಸುತ್ತವೆ. ಹಳೆಯ ಕೋವಿಗಳಿರುವ ಮನೆಯವರು ದಯವಿಟ್ಟು ಈ ಮಾತನ್ನು ಎರಡು ಸಲ ಓದಬೇಕು. ಒಳಗೆ ಹೋಯಿತೆಂದ ಮಾತ್ರಕ್ಕೆ ತೋಟಾ ಆ ಕೋವಿಯದಲ್ಲ. ಹಾರಿಸುವ ಹುಡುಗನ ಕೆನ್ನೆಗೂ ಆ ಸಡಿಲ ಕೀಲಿಗೂ ಗೇಣುದ್ದದ ಅಂತರ.

"ಕೋವಿಯನ್ನು ಹಾರಿಸಬಾರದೆಂದರು. ಮನೆಯಿಂದ ಕಳುಹಿಸಿಬಿಡಲು ಮನಸ್ಸಿಲ್ಲ" ಎಂದು ಮಿತ್ರರು ಕಾಗದದ ಕೊನೆಯಲ್ಲಿ ಬರೆದಿದ್ದರು. ಕಳುಹಿಸಬೇಕಾದ ಪ್ರಮೇಯವೇ ಇಲ್ಲವೆಂದು ನಾವು ಉತ್ತರಿಸಿದೆವು. ಬರುವ ಸೆಪ್ಟೆಂಬರಿನ ಕೈಲ್ ಪೊಳ್ದ್ ದಿನ ಅದನ್ನು ಎಂದಿನಂತೆ ದೀಪದ ಮುಂದಿಟ್ಟು ಗಂಧವಿಡಲಿ. ಎರಡು ನಳಿಗೆಗಳ ಬಾಯಿಗೂ ತೋಕ್ ಪೂವನ್ನು ಸಿಕ್ಕಿಸಲಿ. ತೆಂಗಿನಕಾಯಿಯ ಪಂದ್ಯಕ್ಕೆ ಮೊಮ್ಮಗನು ಚಿಕ್ಕಜ್ಜನ ಕೋವಿಯನ್ನು ಕೇಳಿ ಪಡೆಯಬಹುದು. ತೋಟಾವನ್ನು ದೂರಿದ ಆ ಚಿಕ್ಕಜ್ಜನವರು ಅದನ್ನು ಕೊಡುವರೋ ಇಲ್ಲವೋ, ಅದು ಅವರ ಮನೆಯ ಮಾತು.